ಮೊದಲನೇ ನಂಬರ್

ಊರಿನ ಕೆಸರು ಸೈಕಲ್ ರೇಸಿನಲ್ಲಿ ಹಿಟ್ಟಿನ ಗಿರಣಿಯವನು ಮೂರು ವರ್ಷದಿಂದಲೂ ಎರಡನೆಯವನೇ. ಈ ಸಲ ಕೊನೆಯ ಸುತ್ತಿನ ಹೊಂಡದಲ್ಲಿ ಅವನೂ ಮುಂದಿದ್ದವನೂ ಡಿಕ್ಕಿ ಹೊಡೆದು ಒಟ್ಟಿಗೇ ಉರುಳಿದರು. ಮೈ, ಮುಖ, ಸೈಕಲ್, ಎಲ್ಲಾ ಕೆಸರೇ. ಗಿರಣಿಯವನು ಮೊದಲು ಎದ್ದ. ಸೈಕಲ್ ಕಿತ್ತು ಹೆಗಲಿಗೇರಿಸಿಕೊಂಡು ದಿಬ್ಬದತ್ತ ಓಡಿದ. ಮತ್ತೊಬ್ಬ ಬೆನ್ನಟ್ಟಿ ಬಂದು ಹಿಂದಿನ ಗಾಲಿ ಹಿಡಿದು ಜಗ್ಗಿದ.

“ಬಿಡಲೇ, ಆ ನಂಬರ್ ನಂದೈತಿ!”

“ಮೊದಲನೇ ನಂಬರ್ ನಿಮ್ಮಪ್ಪನ ಆಸ್ತಿ ಏನಲೇ?”

ಗಿರಣಿಯವನು ಮೊಣಕೈ ಬೀಸಿದ. ಹಿಂದಿನವನ ಮೂಗೊಡೆದು ರಕ್ತ ಸುರಿಯಿತು. ಆದರೂ ಅವನು ಗಾಲಿ ಬಿಡಲಿಲ್ಲ.

“ಕಣ್ಣ ತೆಗದ ನೋಡಲೇ, ನಂದದು!”

“ನಿಂದಾ? ತಗೋ ಹಂಗಾರ!”

ಒದ್ದು ಕೆಡವಿ, ಬಿದ್ದವನ ಬೆರಳುಗಳು ಲಟಲಟನೆ ಮುರಿಯುವಂತೆ ಬೂಟಿನಿಂದ ತುಳಿದ.

ಗೆರೆ ದಾಟಿದಾಗ ಅವನ ಮುಂದೆ ಯಾರೂ ಇರಲಿಲ್ಲ. ಜನ ಶಿಳ್ಳೆ ಹೊಡೆದರು.

“ಬರ್ಕೋರಿ ಸರ, ನನ್ನ ನಂಬರ್ ಹದಿನಾಲ್ಕು!” ಎಂದು ರಕ್ತದ ಕೈಯಿಂದ ಎದೆ ತಟ್ಟಿಕೊಂಡ.

“ಸೈಕಲ್ ಮ್ಯಾಲಿನ ನಂಬರ್ ನೋಡೇ ಬರ್ಕೋಬೇಕಪಾ,” ಎಂದ ರೆಫರಿ, ಒಂದು ಕೊಡ ನೀರು ತರಿಸಿ ಹ್ಯಾಂಡಲ್‌ಗೆ ಕಟ್ಟಿದ್ದ ನಂಬರ್ ತಗಡಿನ ಮೇಲೆ ಸುರಿದ.

ಕೆಸರು ಇಳಿದ ತಗಡಿನ ಮೇಲೆ, ದಿಬ್ಬದ ಕೆಳಗೆ ಬೆರಳು ಮುರಿದು ಬಿದ್ದಿದ್ದವನ ನಂಬರ್ ಇತ್ತು.