ಕಲ್ನಾರಿನ ಧೂಳು

ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಹಳೆಯ ನೆಲಹಾಸನ್ನು ನೀರು ಚಿಮುಕಿಸದೆ ಮುಟ್ಟಬಾರದು. ಒಣ ಧೂಳು ಎದೆಗಿಳಿದರೆ, ಆ ನೆಲ ತುಳಿದು ಬಾಳಿದವರೂ ಜೊತೆಗೇ ಇಳಿಯುತ್ತಾರೆಂದು ಊರಿಗೆಲ್ಲ ಗೊತ್ತು. ಬೇರೆ ಊರಿಂದ ಬಂದ ನೀಲಗಂಗಾ ಕೊಂಡ ಮನೆಯಲ್ಲಿ ಮೊದಲು ಬಾಳಿ ತೀರಿಹೋದವಳು ಅಂಬಕ್ಕ.

ನೆಲ ಕೀಳಲು ಬಂದ ಮೇಸ್ತ್ರಿ ಮೌಲಾಸಾಬ, ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಅಡುಗೆಮನೆಯ ಮೂಲೆ ನೋಡಿದ. ಹಾಸು ಬಿರಿದಿತ್ತು, ಪುಡಿ ಮಾತ್ರ ಇರಲಿಲ್ಲ.

“ಇಲ್ಲಿ ಕಸಾ ಹೊಡದೀರೇನ್ರಿ, ಅಕ್ಕಾರ?”

“ಹೂನ್ರಿ. ಮಂದಿ ಬರೂ ಮುಂದ ಮನಿ ಹೊಲಸ ಇಟ್ರ ಹೆಂಗ್ರಿ?”

“ನೀರ ಚಿಮಕಿಸಿ ಹೊಡದ್ರಿ, ಹೌದಲ್ರಿ?”

“ಇಲ್ರಿ, ಒಣಾನ ಹೊಡದೆ,” ಎಂದು ನೀಲಗಂಗಾ ಕೆಮ್ಮಿದಳು.

ಮೌಲಾಸಾಬ ಸುತ್ತಿಗೆ ಕೆಳಗಿಟ್ಟ. ಮೆಲ್ಲಗೆ ಕೇಳಿದ: “ನಿಮ್ಮ ಹೆಸರ ಏನ್ರಿ?”

“ಅಂಬಕ್ಕ,” ಎಂದಳು. “ಯಾಕ ಹಿಂದ ಸರೀತೀಯಪಾ? ಚಾ ಕುಡದ ಹೋಗು.”