ಕೊನೆಯ ದೃಶ್ಯದ ನಗು

ಆ ಸಿನಿಮಾ ಒಂದೇ ವಾರ ಓಡಿತ್ತು. ಅರ್ಧ ಊರು ಬೈದರೂ ದಾವಣಗೆರೆಯ ಚನ್ನವೀರ ಮತ್ತು ಇಮ್ತಿಯಾಜ್ ಅದರ ನಾಯಕನಟನಿಗೆ ಮನಸೋತಿದ್ದರು. ಇಬ್ಬರ ಜಗಳವೆಲ್ಲ ಕೊನೆಯ ದೃಶ್ಯದ್ದು. ತಮ್ಮನ ಹೆಣದ ಮುಂದೆ ನಾಯಕ ನಗುತ್ತಾನೆ.

"ಅವ್ನಿಗೆ ಹುಚ್ಚು ಹಿಡಿದೈತಿ," ಎನ್ನುತ್ತಿದ್ದ ಚನ್ನವೀರ.

"ಇಲ್ಲಲೇ, ತಮ್ಮನ್ನ ಕ್ಷಮಿಸ್ಯಾನ," ಎನ್ನುತ್ತಿದ್ದ ಇಮ್ತಿಯಾಜ್.

ಕೂದಲು ನರೆತರೂ ವಾದ ಮುಗಿಯಲಿಲ್ಲ. ಕಳೆದ ವರ್ಷವಂತೂ ಮಾತೇ ನಿಂತುಹೋಯಿತು. ಕೊನೆಗೆ ಇಮ್ತಿಯಾಜನ ಹೆಂಡತಿ ಶಮೀಮ್ ರೇಗಿ, ಇಬ್ಬರನ್ನೂ ಆ ನಟನ ಮನೆಗೇ ಅಟ್ಟಿದಳು. ಒಂದೇ ಬಸ್ಸಿನಲ್ಲಿ ಬೇರೆ ಬೇರೆ ಸೀಟು ಹಿಡಿದು ಹೋದರು.

ಮುದಿ ನಟ ಪ್ರೀತಿಯಿಂದ ಕಾಫಿ ಕೊಟ್ಟರು.

"ಸಾರ್, ಕೊನೇಲಿ ನೀವು ನಕ್ಕಿದ್ದು ಯಾಕ್ರಿ?" ಚನ್ನವೀರ ಲೋಟ ಕೆಳಗಿಟ್ಟು ಕೇಳಿದ.

"ಅದಾ? ಹೆಣ ಆಗಿ ಮಲಗಿದ್ದೋನು ಸೀನಿಬಿಟ್ಟ ಕಣ್ರೀ. ನಂಗೆ ನಗು ತಡೆಯೋಕಾಗ್ಲಿಲ್ಲ. ಮತ್ತೆ ತೆಗೆಯೋಕೆ ರೀಲು ಉಳಿದಿರ್ಲಿಲ್ಲ, ಅದನ್ನೇ ಇಟ್ಕೊಂಡ್ರು."

ಇಬ್ಬರೂ ಕೈಮುಗಿದು ಹೊರಬಂದರು. ಗೇಟು ದಾಟಿದ ಮೇಲೆ ಇಮ್ತಿಯಾಜ್ ಗೆಳೆಯನ ಹೆಗಲ ಮೇಲೆ ಕೈಹಾಕಿದ.

"ಪಾಪ, ಎಷ್ಟು ದೊಡ್ಡ ನಟ! ಅವ್ರಿಗೇ ಆ ಸಿನ್ಮಾ ಅರ್ಥ ಆಗಿಲ್ಲ ಬಿಡಲೇ."