ನಾಲಗೆಯ ಮೇಲಿನ ಚೂರು

ಮಗಳ ಪುಸ್ತಕದಿಂದ ಉದುರಿದ ಉಗುರಿನಗಲದ ಕಾಗದದ ಚೂರನ್ನು ಬೈಂಡರು ನಾಲಗೆಯ ಮೇಲಿಟ್ಟುಕೊಂಡಾಗ ಬೆಳಿಗ್ಗೆ ಹತ್ತು ಗಂಟೆ. ಬಾಯಿಚಪಲವಲ್ಲ, ಮೂವತ್ತು ವರ್ಷದ ಕಸುಬು. ಒದ್ದೆಯಾದ ಚೂರು ಯಾವ ಕಡೆಗೆ ಸುರುಳಿಯಾಗುತ್ತದೆಂದು ನೋಡಿದರೆ ಕಾಗದದ ನಾರು ಎತ್ತ ಓಡಿದೆಯೆಂದು ತಿಳಿಯುತ್ತದೆ. ಅದು ತಿಳಿಯದೆ ರಟ್ಟಿಗೆ ಅಂಟಿಸಿದರೆ ಪುಸ್ತಕ ಸೊಟ್ಟಗಾಗುತ್ತದೆ. ನೀಲಿ ಚುಕ್ಕಿಯ ಆ ಚೂರು ರಟ್ಟಿನ ಒಳಬದಿಯ ಬಣ್ಣದ ಕಾಗದದ್ದೇ ಇರಬೇಕೆಂದುಕೊಂಡರು. ಅಷ್ಟರಲ್ಲಿ ಒಲೆಯ ಮೇಲಿದ್ದ ಅಂಟು ಉಕ್ಕಿತು. ಅತ್ತ ಓಡಿದವರಿಗೆ ಬಾಯಲ್ಲಿದ್ದದ್ದು ಮರೆತೇ ಹೋಯಿತು.

ಹನ್ನೊಂದರ ಹೊತ್ತಿಗೆ ಹೊಲಿಗೆಯ ದಾರ ಉಸಿರಾಡತೊಡಗಿತು. ಬೈಂಡರು ಕನ್ನಡಕ ತೆಗೆದು ಒರೆಸಿಕೊಂಡರು. ದಾರ ಇನ್ನೂ ಉಸಿರಾಡುತ್ತಿತ್ತು. ಗೋಡೆಯ ಸುಣ್ಣವೂ ಅದರ ಜೊತೆ ಸೇರಿಕೊಂಡಿತ್ತು. ಕಾಗದ ಕತ್ತರಿಸುವ ಯಂತ್ರದ ಹಿಡಿ ಮೊದಲಿನಿಂದಲೂ ಹಸಿರೇ, ಆದರೆ ಇಷ್ಟು ಹಸಿರು ಎಂದೂ ಇರಲಿಲ್ಲ. ಪುಟ ಎಣಿಸಿ ಮನಸ್ಸು ಗಟ್ಟಿಮಾಡಿಕೊಳ್ಳೋಣವೆಂದರೆ ಹದಿನಾಲ್ಕಾದ ಮೇಲೆ ಏನು ಬರುತ್ತದೆಂದೇ ಹೊಳೆಯಲಿಲ್ಲ. ಹದಿನೈದು ಎಂದು ಒಳಗಿನಿಂದ ಯಾರೋ ಹೇಳಿದರು. ಬೈಂಡರಿಗೆ ನಂಬಿಕೆ ಬರಲಿಲ್ಲ. ಸೂಜಿ ಕೆಳಗಿಟ್ಟರು. ಇದೇನೆಂದು ಅವರಿಗೆ ಗೊತ್ತಿತ್ತು. ಬರುತ್ತದೆಂದು ಎಷ್ಟೋ ವರ್ಷದಿಂದ ಹೆದರಿಕೊಂಡೇ ಇದ್ದರು.

ಮಹಡಿಯಿಂದ ಮಗಳು ದಡದಡನೆ ಇಳಿದು ಬಂದಳು. ಇವತ್ತು ಯಾಕೋ ಕೆಲಸಕ್ಕೆ ರಜೆ ಹಾಕಿದ್ದಳು.

"ಅಪ್ಪಾ, ನನ್ನ ಮೇಜಿನ ಮೇಲಿದ್ದ ಪುಸ್ತಕ ನೋಡಿದ್ಯಾ?"

"ಬೆನ್ನು ಕಿತ್ತುಹೋಗಿತ್ತಲ್ಲ, ಹೊಲಿದುಕೊಡೋಣ ಅಂತ ತಂದೆ." ಮಾತು ತಮ್ಮ ಬಾಯಿಂದ ಬಂತೋ ಪಕ್ಕದ ಅಂಗಡಿಯಿಂದ ಬಂತೋ ಬೈಂಡರಿಗೆ ಗೊತ್ತಾಗಲಿಲ್ಲ.

"ಅದರೊಳಗೆ ಒಂದು ಚಿಕ್ಕ ಕಾಗದ ಇತ್ತು. ನೀಲಿ ಚುಕ್ಕೀದು."

"ನಾರು ನೋಡೋಕೆ ಬಾಯಿಗೆ ಹಾಕ್ಕೊಂಡೆ. ಅದಿರಲಿ, ಇಲ್ಲಿ ಬಾ." ಮಗಳ ಮುಖ ಬಿಳಿಚಿದ್ದನ್ನು ಅವರು ನೋಡಿದರು, ಆದರೆ ಎಲ್ಲದರ ಬಣ್ಣವೂ ಬದಲಾಗುತ್ತಿದ್ದುದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. "ನನಗೂ ಶುರುವಾಯ್ತು ಕಣಮ್ಮಾ. ನಿನ್ನಜ್ಜಿಗೂ ಹೀಗೇ. ಗೋಡೆ ಅಲ್ಲಾಡುತ್ತೆ ಅಂತಿದ್ಲು. ಹಿತ್ತಲ ಕೋಣೇಲಿಟ್ಟು ಎಂಟು ವರ್ಷ ಬೀಗ ಹಾಕಿದ್ವಿ. ಊಟದ ತಟ್ಟೆ ತಳ್ತಾ ಇದ್ದಿದ್ದು ನಾನೇ. ನಿನಗೆ ಕೈಮುಗೀತೀನಿ, ನನಗೆ ಬೀಗ ಹಾಕಬೇಡ."

"ಅಜ್ಜಿ ಜ್ವರ ಬಂದು ಹೋದ್ರು ಅಂತಿದ್ದೆ!"

"ಜ್ವರ ಬಂದಿದ್ದು ಕೊನೇ ವಾರ."

ಮಗಳು ಪಕ್ಕದಲ್ಲಿ ಕುಳಿತಳು. ತಂದೆಯ ಎರಡೂ ಕೈ ಹಿಡಿದುಕೊಂಡಳು. "ಅಪ್ಪಾ, ನಿನಗೆ ಹುಚ್ಚು ಹಿಡಿದಿಲ್ಲ. ನೀನು ನುಂಗಿದ್ದು ಎಲ್‌ಎಸ್‌ಡಿ. ನಶೆಯದ್ದು, ಆ ಕಾಗದಕ್ಕೆ ಹೀರಿಸಿರ್ತಾರೆ. ಇವತ್ತು ನಾನು ತಗೋಬೇಕು ಅಂತ ಬಚ್ಚಿಟ್ಟಿದ್ದೆ. ಮೊದಲನೇ ಸಲ."

ಬೈಂಡರು ಕಣ್ಣು ಕಣ್ಣು ಬಿಟ್ಟರು. ತಮಗೆ ಹುಚ್ಚಿಲ್ಲವೆಂದು ಸಂತೋಷಪಡಬೇಕೋ, ಮಗಳಿಗೆ ಎರಡು ಬಿಗಿಯಬೇಕೋ? ಎರಡಕ್ಕೂ ಬೇಕಾದ ಕೈ ಬಹಳ ದೂರದಲ್ಲಿದ್ದಂತಿತ್ತು. ಮಗಳು ಡಾಕ್ಟರಿಗೆ ಫೋನ್ ಮಾಡಿ, ಅಜ್ಜಿಯ ವಿಷಯವನ್ನೂ ಸೇರಿಸಿ, ಒಂದನ್ನೂ ಮುಚ್ಚಿಡದೆ ಹೇಳಿದಳು. ಒಬ್ಬರನ್ನೇ ಬಿಡಬೇಡಿ, ಎದೆನೋವು ಬಂದರೆ ಅಥವಾ ಹೆದರಿಕೆ ಕೈಮೀರಿದರೆ ಕೂಡಲೇ ಕರೆತನ್ನಿ ಎಂದರಂತೆ. ಅವಳು ಕತ್ತರಿ, ಚಾಕುಗಳನ್ನೆಲ್ಲ ಅಟ್ಟಕ್ಕೇರಿಸಿದಳು, ಒಲೆ ಆರಿಸಿದಳು. ಆಮೇಲೆ ಕಿಸೆಯಿಂದ, ತನಗಾಗಿ ಎಚ್ಚರಿಕೆಗಳನ್ನು ಬರೆದಿಟ್ಟುಕೊಂಡಿದ್ದ ಮಡಿಸಿದ ಚೀಟಿಯೊಂದನ್ನು ತೆಗೆದು ಮೆಲ್ಲಗೆ ಓದತೊಡಗಿದಳು.

"ಹತ್ತು ಹನ್ನೆರಡು ಗಂಟೆ ಇರುತ್ತೆ, ತಾನಾಗೇ ಇಳಿಯುತ್ತೆ. ನಶೆ ಮಾಡದೇ ಇರೋರು ಒಬ್ಬರು ಜೊತೆಗಿರಬೇಕು. ರಸ್ತೆಗೆ ಇಳೀಬಾರದು. ಏನೂ ಆಗ್ಲಿಲ್ಲ ಅಂತ ಇನ್ನೊಂದು ತಗೋಬಾರದು."

"ಇನ್ನೊಂದಿದೆಯಾ?"

"ಅಯ್ಯೋ, ಇಲ್ಲಪ್ಪಾ!"

ಆ ಮಧ್ಯಾಹ್ನ ಎಷ್ಟು ಉದ್ದವಿತ್ತೆಂದು ಬೈಂಡರು ಇಂದಿಗೂ ಹೇಳಲಾರರು. ಒಮ್ಮೆ ದಾರದುಂಡೆಯನ್ನು ನೋಡಿ ಬಿದ್ದು ಬಿದ್ದು ನಕ್ಕರು. ಒಮ್ಮೆ ಅಮ್ಮನನ್ನು ನೆನೆದು ಮಗುವಿನ ಹಾಗೆ ಅತ್ತರು. ತಟ್ಟೆ ತಳ್ಳುವಾಗ ಒಂದು ದಿನವೂ ಅವಳ ಮುಖ ನೋಡಲಿಲ್ಲವಲ್ಲ ಎಂದು ಕೊರಗಿದರು. ಕ್ಷಣಕ್ಕೊಮ್ಮೆ, "ಬೀಗ ಹಾಕಿದ್ಯಾ?" ಎಂದು ಕೇಳುವರು. ಮಗಳು ಒಂದಿಷ್ಟೂ ಬೇಸರಿಸದೆ, "ಇಲ್ಲಪ್ಪಾ, ನೋಡು, ಬಾಗಿಲು ತೆಗೆದೇ ಇದೆ," ಎನ್ನುವಳು. ಅವಳು ಬಾಗಿಲಿಗೆ ಅಡ್ಡವಾಗಿ ಕುಳಿತಿದ್ದಳು, ಆದರೆ ಬಾಗಿಲು ತೆರೆದಿದ್ದುದಂತೂ ನಿಜ.

ರಾತ್ರಿ ಒಂಬತ್ತರ ಹೊತ್ತಿಗೆ ದಾರ ಬರೀ ದಾರವಾಯಿತು. ಗೋಡೆಯೂ ಸುಮ್ಮನಾಯಿತು. ಮೈಯೆಲ್ಲ ಹಿಂಡಿದಂತಾಗಿದ್ದರೂ ಬೈಂಡರಿಗೆ ಈಗ ಅಪ್ಪನಾಗಲು ಬೇಕಾದಷ್ಟು ಬುದ್ಧಿ ಮರಳಿತ್ತು. ಮಗಳ ಕೈಯಿಂದ ಚೀಟಿ ಕಿತ್ತುಕೊಂಡು, ಕನ್ನಡಕ ಸರಿಮಾಡಿಕೊಂಡು, ಸಾಲುಸಾಲಾಗಿ ಬೆರಳಿಟ್ಟು ಓದಿದರು. ಮಗಳು ಬಾಯಿಬಿಟ್ಟು ಓದದೇ ಇದ್ದ ಕೊನೆಯ ಸಾಲಿನಲ್ಲಿ ಬೆರಳು ನಿಂತಿತು. 'ಮನೆತನದಲ್ಲಿ ಯಾರಿಗಾದರೂ ಬುದ್ಧಿಭ್ರಮಣೆ ಆಗಿದ್ದರೆ ಇದನ್ನು ಮುಟ್ಟಲೇಬಾರದು.' ಅದರ ಮುಂದೆ ಮಗಳು ದುಂಡಗಿನ ಅಕ್ಷರದಲ್ಲಿ 'ಯಾರಿಗೂ ಆಗಿಲ್ಲ' ಎಂದು ಬರೆದು, ಪಕ್ಕದಲ್ಲಿ ಸರಿ ಗುರುತು ಹಾಕಿಕೊಂಡಿದ್ದಳು.

"ಯಾರಿಗೂ ಆಗಿಲ್ಲ ಅಂತ ನಿನಗೆ ಯಾರು ಹೇಳಿದ್ದು?" ಎಂದು ಬೈಂಡರು ಗದರಿದರು.

"ನೀನೇ, ಅಪ್ಪಾ."